ಸಿನಿಮಾಕ್ಕೆ ಮೊದಲು ಬರುತ್ತಿದ್ದ ಯುದ್ಧ

ಮಕ್ಕಳೇ, ಈಗ ನೀವು ಸಿನಿಮಾ ನೋಡಲು ಹೋದರೆ ಪರದೆಯ ಮೇಲೆ ಮೊದಲು ಏನು ಬರುತ್ತದೆ? ತಂಬಾಕಿನ ಎಚ್ಚರಿಕೆ, ಅದಾದ ಮೇಲೆ ಜಾಹೀರಾತು. ನಾನು ನಿಮ್ಮಷ್ಟು ದೊಡ್ಡವನಿದ್ದಾಗ ಮೊದಲು ಬರುತ್ತಿದ್ದದ್ದು 'ಇಂಡಿಯನ್ ನ್ಯೂಸ್'. ಅದು ಮುಗಿಯುವವರೆಗೆ ಕಥೆ ಶುರುವಾಗುತ್ತಿರಲಿಲ್ಲ.

ನಮ್ಮೂರು ತಿಪಟೂರಿಗೂ ತುರುವೇಕೆರೆಗೂ ನಡುವೆ, ತೋಟಗಳ ಮಧ್ಯೆ ಇದೆ. ಮಳೆಗಾಲ ಕಳೆದ ಮೇಲೆ ಟೂರಿಂಗ್ ಟಾಕೀಸಿನವರು ಬಂದು ಡೇರೆ ಹಾಕುತ್ತಿದ್ದರು. ಸುತ್ತ ತೆಂಗಿನ ಗರಿಯ ತಡಿಕೆ, ಒಳಗೆ ಮರಳು. ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿದರೆ ಟಿಕೆಟ್ ಕೊಡುತ್ತಿದ್ದಾರೆ ಎಂದು ಅರ್ಥ. ಲಾಟೀನು ಹಿಡಿದು ಓಡುತ್ತಿದ್ದೆವು.

ಈ ವಾರ್ತಾಚಿತ್ರಗಳನ್ನು ಮಾಡುತ್ತಿದ್ದದ್ದು 1948ರಲ್ಲಿ ಮುಂಬಯಿಯಲ್ಲಿ ಶುರುವಾದ ಸರ್ಕಾರದ ಫಿಲ್ಮ್ಸ್ ಡಿವಿಷನ್. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅವು ಬರುತ್ತಿದ್ದವು. ಚಿತ್ರಮಂದಿರದವರು ಅವನ್ನು ತೋರಿಸಲೇಬೇಕಿತ್ತು. ಈ ಕಟ್ಟಳೆ ಬ್ರಿಟಿಷರ ಕಾಲದ್ದು. ಎರಡನೇ ಮಹಾಯುದ್ಧದಲ್ಲಿ ನಮ್ಮ ಜನರ ಬೆಂಬಲ ಪಡೆಯಲು ಅವರು 1943ರಲ್ಲಿ 'ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ' ಎಂಬ ಸಂಸ್ಥೆ ನಡೆಸಿ, ಅದರ ಕಿರುಚಿತ್ರಗಳನ್ನು ಕಡ್ಡಾಯ ಮಾಡಿದ್ದರು. 1946ರಲ್ಲಿ ಅದು ಮುಚ್ಚಿತು.

ಇಂಥ ಚಿತ್ರಗಳು ನಮ್ಮಲ್ಲಿ ಮಾತ್ರ ಇದ್ದವು ಎಂದುಕೊಳ್ಳಬೇಡಿ. 1942ರಲ್ಲಿ ಅಮೆರಿಕದ ಡಿಸ್ನಿಯವರು ಮೂರು ನಿಮಿಷದ ಒಂದು ಕಾರ್ಟೂನು ಮಾಡಿದರು. ಅದರಲ್ಲಿ ಮಿನ್ನಿ ಮೌಸ್ ಬಾಣಲೆಯ ಜಿಡ್ಡನ್ನು ನಾಯಿ ಪ್ಲೂಟೋಗೆ ಹಾಕಲು ಹೊರಡುತ್ತಾಳೆ. 'ಚೆಲ್ಲಬೇಡ, ಯುದ್ಧಕ್ಕೆ ಕೊಡು' ಎನ್ನುತ್ತದೆ ರೇಡಿಯೋ. ಜಿಡ್ಡಿನಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು ಆಗುತ್ತಿತ್ತು. ನಮ್ಮ ಕೊಬ್ಬರಿ ಎಣ್ಣೆಯಿಂದ ಸೋಪು ಮಾಡುವಾಗಲೂ ಗ್ಲಿಸರಿನ್ ಸಿಗುತ್ತದೆ. ಮೊದಲನೇ ಮಹಾಯುದ್ಧದಲ್ಲಿ ವಿಷದ ಗಾಳಿಯನ್ನು ತಡೆಯುವ ಮುಖವಾಡದೊಳಗೆ ತೆಂಗಿನ ಕರಟದ ಇದ್ದಿಲನ್ನು ತುಂಬುತ್ತಿದ್ದರು. ಒಲೆಗೆ ಹಾಕುವ ಕರಟ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ!

ಇನ್ನು ನಮ್ಮೂರಿನ ಕಥೆ. 1962ರ ಅಕ್ಟೋಬರ್ 20ರಂದು ಚೀನಾದ ಸೈನ್ಯ ಲಡಾಖಿನಲ್ಲೂ ಇಂದಿನ ಅರುಣಾಚಲದಲ್ಲೂ ನಮ್ಮ ಮೇಲೆ ದಾಳಿ ಮಾಡಿತು. ಸರ್ಕಾರ ರಾಷ್ಟ್ರೀಯ ರಕ್ಷಣಾ ನಿಧಿ ತೆರೆಯಿತು. ನಮ್ಮ ಮೇಷ್ಟ್ರು ಮನೆಗೆ ಹತ್ತು ಕೊಬ್ಬರಿ ತರಲು ಹೇಳಿದರು. ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತಿದ್ದ ಕಾಯಿಗಳನ್ನು ಅಜ್ಜ ಆರಿಸಿ ಸುಲಿದು ಕೊಟ್ಟರು. ಎಲ್ಲವನ್ನೂ ಗಾಡಿಗೆ ಹೇರಿ ತಿಪಟೂರಿನ ಮಂಡಿಯಲ್ಲಿ ಮಾರಿ, ಹಣವನ್ನು ನಿಧಿಗೆ ಕಳಿಸಿದರು.

ಡೇರೆಯ ಪರದೆಯ ಮೇಲೂ ಅದೇ. ಹೆಂಗಸರು ಬಳೆ ಬಿಚ್ಚಿ ಕೊಡುವುದು, ಸ್ವೆಟರ್ ಹೆಣೆಯುವುದು, ಜವಾನರು ಹಿಮದ ಬೆಟ್ಟ ಹತ್ತುವುದು. ನಾವು ಹುಡುಗರು ಗಂಟಲು ಹರಿಯುವಂತೆ ಜೈಕಾರ ಹಾಕುತ್ತಿದ್ದೆವು.

ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ಮಗ ಸೈನ್ಯದಲ್ಲಿದ್ದ. ಅವನಿಂದ ಕಾಗದ ಬಂದು ಬಹಳ ದಿನ ಆಗಿತ್ತು. ದೊಡ್ಡಮ್ಮ ಪ್ರತಿ ವಾರ ನೆಲದ ಟಿಕೆಟ್ ಕೊಂಡು, ವಾರ್ತಾಚಿತ್ರ ಮುಗಿದ ಕೂಡಲೇ ಎದ್ದು ಹೋಗುತ್ತಿದ್ದಳು. ಕಥೆ ಅವಳಿಗೆ ಬೇಕಿರಲಿಲ್ಲ. "ನನ್ ಕಣ್ಣು ಮಂಜು ಕಣೋ ಮಗಾ. ನಮ್ ಹುಡ್ಗ ಕಂಡ್ರೆ ಹೇಳೋ" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು.

ಅವಳಿಗೂ ನನಗೂ ಗೊತ್ತಿಲ್ಲದ ಒಂದು ವಿಷಯವಿತ್ತು. ರೀಲುಗಳು ಮೊದಲು ನಗರಗಳಿಗೆ ಹೋಗಿ, ಹಳೆಯದಾದ ಮೇಲೆ ನಮ್ಮಂಥ ಡೇರೆಗಳಿಗೆ ಬರುತ್ತಿದ್ದವು. ನವೆಂಬರ್ 21ಕ್ಕೇ ಕದನ ನಿಂತಿತ್ತು. ನಮ್ಮ ಡೇರೆಯಲ್ಲಿ ಮಾತ್ರ ಸಂಕ್ರಾಂತಿ ಕಳೆದರೂ ಜವಾನರು ಬೆಟ್ಟ ಹತ್ತುತ್ತಲೇ ಇದ್ದರು.

ಒಂದು ರಾತ್ರಿ ಅವಳ ಕೈ ನಡುಗುತ್ತಿದ್ದದ್ದು ನೋಡಲಾರದೆ, "ಅಗೋ ದೊಡ್ಡಮ್ಮ, ಎಡಗಡೆಯವ್ನು ಅಣ್ಣಾನೇ!" ಎಂದುಬಿಟ್ಟೆ. ಅದು ಅವನಲ್ಲ. ದೊಡ್ಡಮ್ಮ ಮರುದಿನ ಊರಿಗೆಲ್ಲ ಹೇಳಿಕೊಂಡು ಬಂದಳು. ತಿಪಟೂರಿಗೆ ಹೋಗಿ ಕೆಂಪಮ್ಮನಿಗೆ ಹಣ್ಣುಕಾಯಿ ಮಾಡಿಸಿದಳು. ಪ್ರಸಾದ ತಂದು ಮೊದಲು ನನಗೇ ಕೊಟ್ಟಳು. ಅದು ಗಂಟಲಲ್ಲಿ ಇಳಿಯಲಿಲ್ಲ.

ಬೇಸಿಗೆಯಲ್ಲಿ ಅಣ್ಣ ರಜೆಗೆ ಬಂದ. ಅವನ ಕಾಲಿನ ಎರಡು ಬೆರಳು ಹಿಮಕ್ಕೆ ಹೋಗಿದ್ದವು. ಬೆಚ್ಚನೆಯ ಬಟ್ಟೆ ಸಾಲದೆ ಎಷ್ಟೋ ಜನ ಚಳಿಗೇ ಸೋತರು, ಹಿಂದೆ ಸರಿಯಬೇಕಾಯಿತು ಎಂದ. "ನಮ್ಮ ಕಡೆಗೆ ಯಾವ ಕ್ಯಾಮೆರಾನೂ ಬರಲಿಲ್ಲ" ಎಂದೂ ಹೇಳಿದ. ನಾನು ಕಂಬದ ಹಿಂದೆ ಅವಿತುಕೊಂಡೆ.

ದೊಡ್ಡಮ್ಮ ಅಲ್ಲಿಗೇ ಬಂದಳು. "ನಂಗೆ ಅವತ್ತೇ ಅನುಮಾನ ಇತ್ತು ಕಣೋ. ಆದ್ರೂ ಅವತ್ತೊಂದ್ ರಾತ್ರಿ ನಿದ್ದೆ ಬಂತು. ಇನ್ಮೇಲೆ ಮಾತ್ರ ಹಂಗ್ ಹೇಳ್ಬೇಡ" ಎಂದು ತಲೆ ಸವರಿದಳು.

ದೊಡ್ಡವನಾದ ಮೇಲೆ ನನಗೆ ಅನ್ನಿಸಿದ್ದು ಇದು: ಆ ಕಿರುಚಿತ್ರಗಳೂ ನನ್ನ ಹಾಗೆಯೇ ಮಾಡಿದ್ದವು. ಹೆದರಿದ ಜನಕ್ಕೆ ಧೈರ್ಯ ಬೇಕಿತ್ತು, ಕೊಟ್ಟವು. ಕೊಬ್ಬರಿ ಕೊಟ್ಟ ಊರು, ಬಳೆ ಕೊಟ್ಟ ತಾಯಂದಿರು, ಎಲ್ಲ ನಿಜವೇ. 1965ರಲ್ಲಿ ಶಾಸ್ತ್ರೀಜಿ ಕೇಳಿದಾಗ ಸೋಮವಾರ ರಾತ್ರಿ ಊಟ ಬಿಟ್ಟವರೂ ಇದೇ ಜನ. ಆದರೆ ಅಣ್ಣನ ಬೆರಳುಗಳು ಮಾತ್ರ ಯಾವ ರೀಲಿನಲ್ಲೂ ಬರಲಿಲ್ಲ.

ಇಂದು ಅಂಥ ಚಿತ್ರಗಳು ಡೇರೆಗೆ ಬರುವುದಿಲ್ಲ, ನಿಮ್ಮ ಅಂಗೈಯ ಫೋನಿಗೇ ಬರುತ್ತವೆ. ನೋಡಿ, ಜೈಕಾರವನ್ನೂ ಹಾಕಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಇದನ್ನು ಮಾಡಿದವರು ಯಾರು? ನನ್ನಿಂದ ಏನು ಕೇಳುತ್ತಿದ್ದಾರೆ? ಇದರಲ್ಲಿ ಯಾರನ್ನು ತೋರಿಸಿಲ್ಲ?

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಅಜ್ಜ ಅಜ್ಜಿಯರನ್ನೂ ಕೇಳಿ, ಅವರ ಡೇರೆಯಲ್ಲಿ ಕಥೆಗೆ ಮೊದಲು ಏನು ಬರುತ್ತಿತ್ತು ಎಂದು. ಅವರ ಪಕ್ಕದಲ್ಲೂ ಒಬ್ಬ ದೊಡ್ಡಮ್ಮ ಕೂತಿರಬಹುದು.