ಗಿಯರ್ ಪೆಟ್ಟಿಗೆಯ ಜಾತಕ

ಮೇಜಿನ ಮೇಲೆ ಎರಡು ಲೋಹದ ಪೆಟ್ಟಿಗೆಗಳಿವೆಯೆಂದು ಭಾವಿಸೋಣ. ಎರಡೂ ಅಲ್ಯೂಮಿನಿಯಮಿನ ಎರಕಗಳು; ಉದ್ದ, ಅಗಲ, ಬೋಲ್ಟುಗಳ ಸ್ಥಾನ ಎಲ್ಲವೂ ಒಂದೇ. ಒಂದರ ಮೈಮೇಲೆ ಒತ್ತಿರುವ ಮುದ್ರೆ ‘ಬಿ’ ಅಕ್ಷರದಲ್ಲಿಯೂ, ಇನ್ನೊಂದರದು ‘ಸಿ’ ಅಕ್ಷರದಲ್ಲಿಯೂ ಕೊನೆಗೊಳ್ಳುತ್ತದೆ. ಇಷ್ಟು ಸಣ್ಣ ಭೇದದಿಂದ ಎರಡನೆಯ ಪೆಟ್ಟಿಗೆಗೆ ಹಳೆಯ ಕಾರುಗಳ ಪೇಟೆಯಲ್ಲಿ ಬಹಳ ಹೆಚ್ಚಿನ ಬೆಲೆ ದೊರೆಯುತ್ತದೆ. ಆದರೆ ಅಲ್ಯೂಮಿನಿಯಮ್ ಮೃದುವಾದ ಲೋಹ. ಅದರ ಮೇಲೆ ಅಕ್ಷರವೊಂದನ್ನು ಮೂಡಿಸಲು ಉಕ್ಕಿನ ಅಚ್ಚು ಮತ್ತು ಸುತ್ತಿಗೆ ಸಾಕು. ಹಾಗಿರುವಲ್ಲಿ, ಕೊಳ್ಳುವವನು ಏನನ್ನು ನಂಬಬೇಕು?

ಈ ಪೆಟ್ಟಿಗೆಗಳು ಹುಟ್ಟಿದ ಊರು ಅಮೆರಿಕದ ಇಂಡಿಯಾನ ರಾಜ್ಯದ ಮನ್ಸಿ. ಷೆವ್ರೊಲೆ ಕಂಪೆನಿಯ ಕ್ರೀಡಾಕಾರಾದ ಕಾರ್ವೆಟ್ಟಿಗೆ ನಾಲ್ಕು ವೇಗಗಳ ಗಿಯರ್ ಪೆಟ್ಟಿಗೆ ಮೊದಲು ದೊರೆತದ್ದು 1957ರಲ್ಲಿ. ಅದು ಬೋರ್ಗ್-ವಾರ್ನರ್ ಸಂಸ್ಥೆಯ ಟಿ-10 ಎಂಬ ಮಾದರಿ. 1963ರಿಂದ ಅದರ ಬದಲು ಜನರಲ್ ಮೋಟರ್ಸ್ ತನ್ನದೇ ಮನ್ಸಿ ಕಾರ್ಖಾನೆಯ ಪೆಟ್ಟಿಗೆಗಳನ್ನು ಬಳಸತೊಡಗಿತು. 1974ರವರೆಗೆ ಅವು ಕಾರ್ವೆಟ್, ಕಮಾರೊ ಮೊದಲಾದ ಕಾರುಗಳಲ್ಲಿ ದುಡಿದವು. ಅವುಗಳಲ್ಲಿ ಮೂರು ಬಗೆ: ಎಂ-20, ಎಂ-21, ಎಂ-22. ಹೊರಗಿನಿಂದ ಈ ಮೂವರೂ ಅವಳಿಗಳಂತೆ. ಭೇದವೆಲ್ಲ ಹೊಟ್ಟೆಯೊಳಗಿನ ಹಲ್ಲುಚಕ್ರಗಳಲ್ಲಿದೆ.

ಗಿಯರ್ ಪೆಟ್ಟಿಗೆ ಏತಕ್ಕೆ ಬೇಕೆಂಬುದನ್ನು ಒಂದೆರಡು ಮಾತಿನಲ್ಲಿ ನೆನೆಯಬಹುದು. ಎಂಜಿನ್ನು ನಿಧಾನವಾಗಿ ತಿರುಗುವಾಗ ಅದರ ಸಾಮರ್ಥ್ಯ ಅಲ್ಪ. ನಿಂತ ಕಾರನ್ನು ಹೊರಡಿಸಬೇಕಾದರೆ ಎಂಜಿನ್ನು ಹಲವು ಸುತ್ತು ತಿರುಗಿ ಚಕ್ರವನ್ನು ಕೆಲವೇ ಸುತ್ತು ತಿರುಗಿಸಬೇಕು. ಸುತ್ತು ಕಡಮೆಯಾದಷ್ಟೂ ತಿರುಚುಬಲ ಹೆಚ್ಚುತ್ತದೆ. ಏರಿನಲ್ಲಿ ಗಿಯರ್ ಸೈಕಲ್ ತುಳಿದ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆಗೆ ತೊಡಗಿದವನು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು, ಎದುರಿಗಿರುವುದು ಮನ್ಸಿಯೇ ಹೌದೆ ಎಂಬುದನ್ನು. ಅದಕ್ಕೆ ಒಂದು ಅಯಸ್ಕಾಂತ ಮತ್ತು ಎರಡು ಕಣ್ಣು ಸಾಕು. ಮನ್ಸಿಯ ಕವಚ ಅಲ್ಯೂಮಿನಿಯಮಿನದು. ಅಯಸ್ಕಾಂತ ಅದಕ್ಕೆ ಅಂಟದು. ಅದೇ ಕಾಲದ ಸ್ಯಾಗಿನಾ ಎಂಬ ಅಗ್ಗದ ಪೆಟ್ಟಿಗೆಯ ಕವಚ ಬೀಡುಕಬ್ಬಿಣದ್ದಾದುದರಿಂದ ಕೂಡಲೇ ಅಂಟಿಕೊಳ್ಳುತ್ತದೆ. ಬಳಿಕ ಪಕ್ಕದ ಮುಚ್ಚಳದ ಬೋಲ್ಟುಗಳನ್ನು ಎಣಿಸಬೇಕು. ಏಳಿದ್ದರೆ ಮನ್ಸಿ, ಒಂಬತ್ತಿದ್ದರೆ ವಾರ್ನರ್ ಟಿ-10. ಸ್ಯಾಗಿನಾದಲ್ಲಿಯೂ ಏಳೇ ಬೋಲ್ಟುಗಳಿರುವುದರಿಂದ ಇನ್ನೊಂದು ಗುರುತನ್ನೂ ನೋಡುವುದು ಒಳ್ಳೆಯದು: ಸ್ಯಾಗಿನಾದ ಮೂರು ಸನ್ನೆಗಳೂ ಪಕ್ಕದ ಮುಚ್ಚಳದ ಮೇಲೆಯೇ ಇರುತ್ತವೆ, ಮನ್ಸಿಯಲ್ಲಿ ಎರಡು ಮಾತ್ರ ಅಲ್ಲಿದ್ದು, ಹಿಮ್ಮುಖ ಚಲನೆಯ ಸನ್ನೆ ಹಿಂದಿನ ಬಾಲದ ಎರಕದಲ್ಲಿದೆ.

ಇನ್ನು ಮುದ್ರೆಗಳ ವಿಚಾರ. ಇವು ಮೂರು ಬಗೆಯವು. ಒಂದೊಂದೂ ಬೇರೆ ಬೇರೆ ಸಂಗತಿಯನ್ನು ಹೇಳುತ್ತದೆ. ಮೊದಲನೆಯದು ಎರಕದ ಸಂಖ್ಯೆ. ಇದು ಅಚ್ಚಿನಲ್ಲಿಯೇ ಇದ್ದು ಲೋಹ ಹೊಯ್ದಾಗ ಉಬ್ಬಕ್ಷರದಲ್ಲಿ ಮೂಡಿದ್ದು. 1966 ಮತ್ತು 67ರ ಕವಚಗಳ ಮೇಲೆ 3885010 ಎಂದೂ, 1968ರಿಂದ 1970ರವರೆಗಿನ ಕವಚಗಳ ಮೇಲೆ 3925660 ಎಂದೂ ಕಾಣುತ್ತದೆ. ಅದರ ಅನಂತರದವುಗಳ ಸಂಖ್ಯೆ 3925661.

ಎರಡನೆಯದು ಜೋಡಣೆಯ ದಿನಾಂಕ. ಇದನ್ನು ತಗ್ಗಕ್ಷರದಲ್ಲಿ ಒತ್ತಿರುತ್ತಾರೆ. ಉದಾಹರಣೆಗೆ ‘ಪಿ 9 ಇ 14 ಬಿ’ ಎಂಬುದನ್ನು ತೆಗೆದುಕೊಳ್ಳೋಣ. ಪಿ ಎಂದರೆ ಮನ್ಸಿ, 9 ಎಂದರೆ 1969, ಇ ಎಂದರೆ ಮೇ ತಿಂಗಳು, 14 ತಾರೀಖು. ತಿಂಗಳ ಅಕ್ಷರಗಳು ಜನವರಿಯಿಂದ ಮೇ ತನಕ ಎ, ಬಿ, ಸಿ, ಡಿ, ಇ ಎಂದು ಕ್ರಮವಾಗಿ ನಡೆದು, ಆಮೇಲೆ ನೆಗೆಯತೊಡಗುತ್ತವೆ: ಜೂನ್ ಎಚ್, ಜುಲೈ ಕೆ, ಆಗಸ್ಟ್ ಎಂ, ಸೆಪ್ಟೆಂಬರ್ ಪಿ, ಅಕ್ಟೋಬರ್ ಆರ್, ನವೆಂಬರ್ ಎಸ್, ಡಿಸೆಂಬರ್ ಟಿ. ಈ ನೆಗೆತವನ್ನು ಅರಿಯದವನು ‘ಎಚ್’ ಎಂಟನೆಯ ಅಕ್ಷರವಾದುದರಿಂದ ಆಗಸ್ಟ್ ಎಂದು ಓದಿಬಿಡುವ ಸಂಭವವಿದೆ. ಕೊನೆಯ ಅಕ್ಷರ 1969ರ ಮಾದರಿಗಳಿಂದ ಸೇರಿದ್ದು: ಎ ಎಂದರೆ ಎಂ-20, ಬಿ ಎಂದರೆ ಎಂ-21, ಸಿ ಎಂದರೆ ಎಂ-22.

ಮೂರನೆಯದು ಕಾರಿನ ಸಂಖ್ಯೆಯ ಒಂದು ತುಣುಕು. 1969ರ ಕಾರ್ವೆಟ್ಟಿನ ಪೆಟ್ಟಿಗೆಯ ಮೇಲೆ ‘19 ಎಸ್’ ಎಂದಿದ್ದು ಮುಂದೆ ಆರು ಅಂಕಿಗಳಿರುತ್ತವೆ. 1 ಷೆವ್ರೊಲೆಯ ಗುರುತು, 9 ವರ್ಷ, ಎಸ್ ಎಂದರೆ ಸೇಂಟ್ ಲೂಯಿಯ ಕಾರ್ಖಾನೆ. ಕಮಾರೊ ಆದರೆ ನಾರ್ವುಡ್ಡಿಗೆ ಎನ್, ಕ್ಯಾಲಿಫೋರ್ನಿಯದ ವಾನ್ ನೈಸ್‌ಗೆ ಎಲ್. ಈ ಅಂಕಿಗಳು ಕಾರಿನ ಅಂಕಿಗಳೊಂದಿಗೆ ಹೊಂದಿದರೆ, ಕಾರು ಹುಟ್ಟುವಾಗ ಪಡೆದ ಪೆಟ್ಟಿಗೆ ಇದೇ ಎಂದರ್ಥ.

ನಮ್ಮ ನಾಡಿನ ಶಾಸನ ಸಂಶೋಧಕರಿಗೆ ಕೂಟಶಾಸನಗಳ ಪರಿಚಯ ಚೆನ್ನಾಗಿ ಉಂಟು. ತಾಮ್ರಪಟದಲ್ಲಿ ಹೇಳಿದ ಕಾಲ ಒಂದು, ಲಿಪಿಯ ಕಾಲ ಇನ್ನೊಂದು ಎಂದಾದಲ್ಲಿ ಅವರು ಸಂದೇಹಪಡುತ್ತಾರೆ. ಇಲ್ಲಿಯೂ ವಿಧಾನ ಅದೇ. 3885010 ಎಂಬ ಎರಕದ ಮೇಲೆ 1969ರ ಮೇ ತಿಂಗಳ ಮುದ್ರೆಯಿದ್ದರೆ ಹುಬ್ಬೇರಿಸಬೇಕು; ಕಾರು ತಯಾರಾದ ದಿನಕ್ಕಿಂತ ಪೆಟ್ಟಿಗೆ ಜೋಡಣೆಯಾದ ದಿನ ಈಚಿನದಾಗಿದ್ದರಂತೂ ಹೇಳುವುದೇ ಬೇಡ. ಕೂಸಿಗಿಂತ ಮುಂಚೆ ತೊಟ್ಟಿಲು ಸಿದ್ಧವಾಗಬಹುದು. ಅದರ ಹೃದಯ ಮಾತ್ರ ಅದು ಹುಟ್ಟಿದ ಮೇಲೆ ತಯಾರಾಗದು!

ಆದರೆ ಮೂರು ಮುದ್ರೆಗಳೂ ಸಾಚಾ ಎಂದೇ ಇಟ್ಟುಕೊಳ್ಳಿ. ಆಗಲೂ ಅವು ಹೇಳುವುದು ಪೆಟ್ಟಿಗೆ ಕಾರ್ಖಾನೆಯನ್ನು ಬಿಟ್ಟಾಗ ಹೇಗಿತ್ತು ಎಂಬುದನ್ನು ಮಾತ್ರ. ಅರ್ಧ ಶತಮಾನಕ್ಕೂ ಮೇಲ್ಪಟ್ಟ ಅವಧಿಯಲ್ಲಿ ಅದನ್ನು ಯಾರು ಬಿಚ್ಚಿದರೋ, ಸವೆದ ಚಕ್ರಗಳ ಜಾಗದಲ್ಲಿ ಏನನ್ನು ತುಂಬಿದರೋ ಮುದ್ರೆಗೆ ತಿಳಿಯದು. ಮುದ್ರೆ ಚರಿತ್ರೆ, ಹಲ್ಲು ವರ್ತಮಾನ. ಎರಡನ್ನೂ ಕೇಳದೆ ತೀರ್ಪು ಕೊಡುವುದು ಸಾಧುವಲ್ಲವೆಂದು ನನ್ನ ಅಭಿಪ್ರಾಯ.

ಹಲ್ಲುಗಳ ಲೆಕ್ಕ ಸುಲಭವಾದದ್ದು. ಎಂಜಿನ್ನಿನಿಂದ ಬರುವ ಮುಂದಿನ ದಂಡದ ತುದಿಯಲ್ಲಿ ಒಂದು ಚಕ್ರವಿದೆ. ಅದು ಕೆಳಗಿನ ದಂಡದ ಮೊದಲ ಚಕ್ರವನ್ನು ತಿರುಗಿಸುತ್ತದೆ. ಕೆಳದಂಡದ ಮೇಲಿರುವ ಮತ್ತೊಂದು ಚಿಕ್ಕ ಚಕ್ರವು ಹಿಂದಿನ ದಂಡದ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಮೊದಲನೆಯ ಗಿಯರಿನಲ್ಲಿ ಈ ಕೊನೆಯ ಜೋಡಿಯ ಹಲ್ಲುಗಳು ಎಲ್ಲ ಮನ್ಸಿಗಳಲ್ಲಿಯೂ ಒಂದೇ, 17 ಮತ್ತು 36. ವ್ಯತ್ಯಾಸವಿರುವುದು ಮುಂದಿನ ಜೋಡಿಯಲ್ಲಿ. 1966ರಿಂದೀಚಿನ ಎಂ-20ರಲ್ಲಿ 21 ಮತ್ತು 25. ಎಂ-21ರಲ್ಲಿ 26 ಮತ್ತು 27. ಹೀಗಾಗಿ ಮೊದಲ ಗಿಯರಿನ ಪ್ರಮಾಣ ಎಂ-20ರಲ್ಲಿ 25/21 × 36/17 = 2.52; ಎಂ-21ರಲ್ಲಿ 27/26 × 36/17 = 2.20. 1963ರಿಂದ 65ರವರೆಗಿನ ಹಳೆಯ ಎಂ-20ರಲ್ಲಿ ಮುಂದಿನ ಜೋಡಿ 24 ಮತ್ತು 29 ಆಗಿದ್ದು, ಪ್ರಮಾಣ 2.56 ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮುಂದಿನ ದಂಡದಲ್ಲಿ ಕ್ಲಚ್ಚಿನ ತಟ್ಟೆ ಕೂರುವೆಡೆಯಲ್ಲಿಯೂ ಉದ್ದುದ್ದನೆಯ ಏಣುಗಳಿರುತ್ತವೆ. ಇವು ಹಳೆಯ ಪೆಟ್ಟಿಗೆಗಳಲ್ಲಿ 10, 1971ರಿಂದೀಚಿನವುಗಳಲ್ಲಿ 26. ಎಂ-21ರ ಚಕ್ರದ ಹಲ್ಲುಗಳೂ 26 ಆಗಿರುವುದು ಕೇವಲ ಕಾಕತಾಳೀಯ. ಏಣುಗಳನ್ನು ಎಣಿಸಿ ಹಲ್ಲುಗಳನ್ನು ಎಣಿಸಿದೆನೆಂದು ತಿಳಿದವರುಂಟು.

ಪೆಟ್ಟಿಗೆಯನ್ನು ಬಿಚ್ಚದೆಯೇ ಈ ಪ್ರಮಾಣವನ್ನು ಅಳೆಯಬಹುದು. ಕಾರಿನಿಂದ ಇಳಿಸಿದ ಪೆಟ್ಟಿಗೆಯನ್ನು ಮೊದಲ ಗಿಯರಿನಲ್ಲಿಟ್ಟು, ಎರಡೂ ದಂಡಗಳ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಹಿಂದಿನ ದಂಡ ಒಂದು ಸುತ್ತು ಮುಗಿಸುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತುತ್ತದೆಯೆಂದು ಎಣಿಸಿ. ಒಂದೇ ಸುತ್ತಿನಲ್ಲಿ 2.52ಕ್ಕೂ 2.56ಕ್ಕೂ ಇರುವ ಭೇದ ಕಣ್ಣಿಗೆ ನಿಲುಕದು. ಆದರೆ ಪ್ರಯೋಗಶಾಲೆಯಲ್ಲಿ ಲೋಲಕದ ಒಂದು ತೂಗಾಟದ ಬದಲು ಇಪ್ಪತ್ತು ತೂಗಾಟಗಳ ಕಾಲವನ್ನು ಅಳೆಯುವುದೇಕೆಂದು ನೆನಪಿಸಿಕೊಳ್ಳಿ. ಹಿಂದಿನ ದಂಡವನ್ನು ಹತ್ತು ಸುತ್ತು ತಿರುಗಿಸಿದರೆ ಮುಂದಿನದು ಹೊಸ ಎಂ-20ರಲ್ಲಿ 25.2, ಹಳೆಯದರಲ್ಲಿ 25.6, ಎಂ-21ರಲ್ಲಿ 22 ಸುತ್ತು ತಿರುಗಿರುತ್ತದೆ. ಮೊದಲೆರಡರ ಅಂತರ ಈಗ ಸುತ್ತಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು; ಸೀಮೆಸುಣ್ಣದ ಗೆರೆ ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಹಲ್ಲುಗಳ ಈ ಏರ್ಪಾಡಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕಾರುಪ್ರಿಯರು ಎಂ-21ನ್ನು ‘ಹತ್ತಿರದ ಪ್ರಮಾಣಗಳ’ ಪೆಟ್ಟಿಗೆಯೆಂದು ಕರೆಯುತ್ತಾರೆ. ಆದರೆ ಎಂ-20ರ ಪ್ರಮಾಣಗಳು 2.52, 1.88, 1.46, 1, ಎಂ-21ರವು 2.20, 1.64, 1.27, 1. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಇರುವ ಹೆಜ್ಜೆಯನ್ನು ಭಾಗಿಸಿ ನೋಡಿದರೆ ಎರಡು ಪೆಟ್ಟಿಗೆಗಳಲ್ಲಿಯೂ ಒಂದೇ! ಮುಂದಿನ ಜೋಡಿ ಮಾತ್ರ ಬದಲಾಗಿರುವುದರಿಂದ ಕೆಳಗಿನ ಮೂರು ಗಿಯರುಗಳೂ ಒಂದೇ ಪ್ರಮಾಣದಲ್ಲಿ ತಗ್ಗಿವೆ. ನಾಲ್ಕನೆಯದರಲ್ಲಿ ಮುಂದಿನ ಮತ್ತು ಹಿಂದಿನ ದಂಡಗಳು ನೇರವಾಗಿ ಬೆಸೆದುಕೊಳ್ಳುವುದರಿಂದ ಅದು ಬದಲಾಗುವಂತಿಲ್ಲ. ಆದುದರಿಂದ ‘ಹತ್ತಿರ’ವಾಗಿರುವುದು ಮೂರರಿಂದ ನಾಲ್ಕಕ್ಕೆ ಇರುವ ಹೆಜ್ಜೆಯೊಂದೇ. ನಿಮಿಷಕ್ಕೆ 6,000 ಸುತ್ತುಗಳಲ್ಲಿರುವಾಗ ಮೂರರಿಂದ ನಾಲ್ಕಕ್ಕೆ ಹಾಕಿದರೆ ಎಂ-20ರಲ್ಲಿ ಎಂಜಿನ್ನು ಸುಮಾರು 4,100ಕ್ಕೆ ಇಳಿಯುತ್ತದೆ, ಎಂ-21ರಲ್ಲಿ 4,700ಕ್ಕೆ. ಪಂದ್ಯದ ಎಂಜಿನ್ನಿಗೆ ಆ ಆರುನೂರು ಸುತ್ತುಗಳು ಅಮೂಲ್ಯ. ಅದಕ್ಕೆ ತೆರುವ ಬೆಲೆಯೆಂದರೆ ನಿಂತಲ್ಲಿಂದ ಹೊರಡುವಾಗಿನ ಕಸುವಿನಲ್ಲಿ ಸ್ವಲ್ಪ ಕೊರತೆ.

ಇಷ್ಟಾದರೂ ನಮ್ಮ ಮೊದಲ ಪ್ರಶ್ನೆ ಹಾಗೆಯೇ ಉಳಿದಿದೆ. ಎಂ-22ರ ಹಲ್ಲುಗಳೂ 26 ಮತ್ತು 27; ಪ್ರಮಾಣವೂ 2.20. ಸುತ್ತು ಎಣಿಸಿ ‘ಬಿ’ಯನ್ನೂ ‘ಸಿ’ಯನ್ನೂ ಬೇರ್ಪಡಿಸಲು ಬಾರದು. ಅಪೂರ್ವವಾದದ್ದೂ ಇದೇ. 1967ರಲ್ಲಿ ತಯಾರಾದ 22,940 ಕಾರ್ವೆಟ್ಟುಗಳ ಪೈಕಿ ಎಂ-22 ಪಡೆದವು ಕೇವಲ 20. ಮೋಸಕ್ಕೆ ಪ್ರೇರಣೆ ಎಲ್ಲಿದೆಯೆಂದು ಇದರಿಂದ ತಿಳಿಯಬಹುದು.

ಎಂ-22ರ ಗುಟ್ಟು ಹಲ್ಲುಗಳ ಸಂಖ್ಯೆಯಲ್ಲಿಲ್ಲ, ಓರೆಯಲ್ಲಿದೆ. ಸಾಮಾನ್ಯ ಗಿಯರ್ ಚಕ್ರಗಳ ಹಲ್ಲುಗಳನ್ನು ಅಕ್ಷಕ್ಕೆ ಓರೆಯಾಗಿ ಕಡೆದಿರುತ್ತಾರೆ. ಓರೆಯಿದ್ದಾಗ ಒಂದು ಹಲ್ಲು ಬಿಡುವ ಮುನ್ನವೇ ಮುಂದಿನದು ಕಚ್ಚಿಕೊಳ್ಳುತ್ತದೆ, ಸದ್ದು ಕಡಮೆ. ಆದರೆ ಓರೆಹಲ್ಲು ಚಕ್ರವನ್ನು ತಿರುಗಿಸುವುದರ ಜೊತೆಗೆ ಅಕ್ಷದ ಉದ್ದಕ್ಕೂ ನೂಕುತ್ತದೆ. ಈ ನೂಕುಬಲ ತಿರುಗಿಸುವ ಬಲವನ್ನು ಓರೆಯ ಕೋನದ ಟ್ಯಾನ್‌ಜೆಂಟಿನಿಂದ ಗುಣಿಸಿದಷ್ಟು. ಕೋನ 40 ಡಿಗ್ರಿಯಾದರೆ ಅದು 0.84 ಪಾಲು, 20 ಡಿಗ್ರಿಯಾದರೆ 0.36 ಪಾಲು ಮಾತ್ರ. ಎಂ-22ರ ಓರೆ ಸುಮಾರು 20 ಡಿಗ್ರಿ. ಉಳಿದೆರಡರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಆದಕಾರಣ ಎಂ-22ರಲ್ಲಿ ಕವಚದ ಮೇಲೂ ಬೇರಿಂಗುಗಳ ಮೇಲೂ ಒತ್ತಡ ತಗ್ಗಿ, ಅದು ಪ್ರಬಲವಾದ ಎಂಜಿನ್ನುಗಳ ಹೊಡೆತವನ್ನು ತಾಳಬಲ್ಲದು. ಸದ್ದು ಮಾತ್ರ ಜೋರು. ಆ ಗರಗರ ಶಬ್ದಕ್ಕಾಗಿ ಅಮೆರಿಕನ್ನರು ಅದಕ್ಕೆ ‘ರಾಕ್ ಕ್ರಷರ್’, ಅಂದರೆ ಜಲ್ಲಿ ಒಡೆಯುವ ಯಂತ್ರ, ಎಂಬ ಅಡ್ಡಹೆಸರನ್ನಿಟ್ಟರು.

ಹೊರಗಡೆಯೂ ಒಂದು ಕುರುಹುಂಟು. 1966ರಿಂದೀಚಿನ ಪೆಟ್ಟಿಗೆಗಳ ಮುಂದಿನ ದಂಡದಲ್ಲಿ ಏಣುಗಳಿರುವೆಡೆ ಸುತ್ತಲೂ ಗೀರುಗಳನ್ನು ಕಡೆದಿರುತ್ತಾರೆ: ಎಂ-20ಕ್ಕೆ ಎರಡು, ಎಂ-21ಕ್ಕೆ ಒಂದು, ಎಂ-22ಕ್ಕೆ ಯಾವುದೂ ಇಲ್ಲ. ‘ಇಲ್ಲ’ ಎಂಬುದು ದುರ್ಬಲ ಸಾಕ್ಷ್ಯವೆಂದು ಬೇರೆ ಹೇಳಬೇಕಾಗಿಲ್ಲ. ಗೀರಿದ್ದರೆ ಎಂ-22 ಅಲ್ಲವೆಂದು ಸಂದೇಹಿಸಲು ಬಲವಾದ ಕಾರಣವುಂಟು. ಗೀರಿಲ್ಲದಿದ್ದರೆ ಅದು ಎಂ-22 ಎಂದು ಸಿದ್ಧವಾಗುವುದಿಲ್ಲ, ಈಚೆಗೆ ಬೇರೆಯವರು ಮಾಡಿದ ಬದಲಿ ದಂಡವೂ ಆಗಿರಬಹುದು.

ಕೊನೆಗೆ ಏಳು ಬೋಲ್ಟುಗಳನ್ನು ಬಿಚ್ಚಿ ಮುಚ್ಚಳ ತೆಗೆಯಲೇಬೇಕು. ಹಲ್ಲುಗಳು ಹೆಚ್ಚುಕಡಮೆ ನೇರವಾಗಿವೆಯೋ, ತಿರುಪಿನಂತೆ ಓರೆಯಾಗಿವೆಯೋ ಎಂಬುದು ಅಭ್ಯಾಸವುಳ್ಳವರಿಗೆ ನೋಡಿದೊಡನೆ ತಿಳಿಯುತ್ತದೆ. ಅಭ್ಯಾಸವಿಲ್ಲದವರು, ದಂಡವನ್ನು ಹೊರತೆಗೆದ ಪಕ್ಷದಲ್ಲಿ, ಅದರ ಚಕ್ರದ ಹಲ್ಲುಗಳಿಗೆ ಮಸಿ ಸವರಿ ಬಿಳಿಯ ಕಾಗದದ ಮೇಲೆ ನೇರವಾಗಿ ಉರುಳಿಸಲಿ. ಹಲ್ಲುಗಳ ತುದಿ ಸಾಲುಸಾಲಾಗಿ ಗೆರೆಗಳನ್ನು ಮೂಡಿಸುತ್ತದೆ. ಉರುಳಿದ ದಿಕ್ಕಿಗೆ ಲಂಬವಾಗಿ ಒಂದು ಗೆರೆ ಎಳೆದು, ಹಲ್ಲಿನ ಗೆರೆ ಅದರೊಡನೆ ಮಾಡುವ ಕೋನವನ್ನು ಶಾಲೆಯ ಕೋನಮಾಪಕದಿಂದ ಅಳೆದರೆ, ಪೆಟ್ಟಿಗೆಯ ಮೇಲಿನ ‘ಸಿ’ ಒಳಗಿರುವ ವಸ್ತುವಿಗೆ ಹೊಂದುತ್ತದೆಯೋ ಇಲ್ಲವೋ ತಿಳಿದುಹೋಗುತ್ತದೆ.