ಎಎಂಎಚ್ ರಿಪೋರ್ಟಿನ ಕೆಳಮುಖ ಬಾಣ

ಮಲಾಡ್ ಪಶ್ಚಿಮದ ನಮ್ಮ ಕಟ್ಟಡದ ಮೂರನೇ ಮಾಳಿಗೆಯ ಹುಡುಗಿ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದಳು. ವಯಸ್ಸು 31, ಮದುವೆ ಗೊತ್ತಾಗಿದೆ. ಹೆಲ್ತ್ ಚೆಕಪ್ ಪ್ಯಾಕೇಜಿನ ಜೊತೆಗೆ ಎಎಂಎಚ್ ಟೆಸ್ಟೂ ಸೇರಿತ್ತಂತೆ. ರಿಪೋರ್ಟಿನಲ್ಲಿ ದಪ್ಪ ಅಕ್ಷರದ 0.9, ಪಕ್ಕಕ್ಕೆ ಕೆಳಮುಖದ ಬಾಣ. "ಆಂಟಿ, ನನಗಿನ್ನು ಮಕ್ಕಳಾಗಲ್ವಾ?"

ಆ ಬಾಣ ಅಂಥದ್ದೇನೂ ಹೇಳುವುದಿಲ್ಲ. ಎಎಂಎಚ್ ಅಂಡಾಶಯದ ಪುಟ್ಟ ಕೋಶಕಗಳಿಂದ ಬರುವ ಹಾರ್ಮೋನು. ಎಷ್ಟು ಅಂಡಾಣು ಉಳಿದಿರಬಹುದು ಎಂಬ ಅಂದಾಜು ಅದರಿಂದ ಸಿಗುತ್ತದೆ, ಅಷ್ಟೇ. ಐವಿಎಫ್ ಮಾಡಿಸಿಕೊಳ್ಳುವವರಿಗೆ ಇಂಜೆಕ್ಷನ್ ಎಷ್ಟು ಕೊಡಬೇಕೆಂದು ಲೆಕ್ಕ ಹಾಕಲು ಡಾಕ್ಟರಿಗೆ ಅದು ಬೇಕು. ತಾನಾಗಿ ಗರ್ಭ ನಿಲ್ಲಲು ತಿಂಗಳಿಗೆ ಒಂದು ಅಂಡಾಣು ಸಾಕು. ಅಮೆರಿಕದಲ್ಲಿ ಬಂಜೆತನದ ತೊಂದರೆ ಇಲ್ಲದ, 30ರಿಂದ 44 ವಯಸ್ಸಿನ ಸುಮಾರು 750 ಹೆಂಗಸರನ್ನು ಗಮನಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಎಎಂಎಚ್ ಕಡಿಮೆ ಇದ್ದವರು ಗರ್ಭ ಧರಿಸುವುದರಲ್ಲಿ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೂ ಈ ನಂಬರ್ ತಾತ್ಕಾಲಿಕವಾಗಿ ಇಳಿಯುವುದುಂಟು.

ನನ್ನನ್ನು ಹೆಚ್ಚು ಹೆದರಿಸುವುದು ಇದರ ತಿರುಗುಮುರುಗು. 41 ದಾಟಿದವರು "ಎಎಂಎಚ್ ಚೆನ್ನಾಗಿದೆ, ಪಿರಿಯಡ್ಸ್ ಕರೆಕ್ಟಾಗಿ ಬರ್ತಿದೆ, ಅವಸರವೇನು" ಎಂದು ಕೂರುತ್ತಾರೆ. ಹೆಣ್ಣು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳ ಪಿಂಡವಾಗಿರುವಾಗ 60-70 ಲಕ್ಷ ಅಂಡಾಣು. ಹುಟ್ಟುವಾಗ 10-20 ಲಕ್ಷ. ಮೈನೆರೆಯುವಾಗ ಮೂರು-ನಾಲ್ಕು ಲಕ್ಷ. ಬದುಕಿಡೀ ಹೊರಬರುವುದು ನಾನೂರೋ ಐನೂರೋ. ಮಿಕ್ಕವು ಒಳಗೇ ಕರಗಿಹೋಗುತ್ತವೆ. 40ರ ಹೆಂಗಸಿನ ಅಂಡಾಣುವಿಗೂ 40 ವರ್ಷ. ವಯಸ್ಸಾದಂತೆ ಅದರ ವರ್ಣತಂತುಗಳ ಹಂಚಿಕೆಯಲ್ಲಿ ತಪ್ಪು ಹೆಚ್ಚುತ್ತದೆ, ಗರ್ಭಪಾತವೂ ಹೆಚ್ಚುತ್ತದೆ. ಡೌನ್ ಸಿಂಡ್ರೋಮ್ ಮಗು ಹುಟ್ಟುವ ಸಾಧ್ಯತೆ 25ರಲ್ಲಿ ಸುಮಾರು 1,250ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಇದು ಯಾವ ಎಎಂಎಚ್ ರಿಪೋರ್ಟಿನಲ್ಲೂ ಕಾಣುವುದಿಲ್ಲ. ಮುಟ್ಟು ನಿಲ್ಲುವುದಕ್ಕೆ ಎಷ್ಟೋ ವರ್ಷ ಮೊದಲೇ ಗರ್ಭ ನಿಲ್ಲುವುದು ಕಷ್ಟವಾಗಿರುತ್ತದೆ. ಊರಿನ ಅಜ್ಜಿ 43ಕ್ಕೆ ಹೆತ್ತದ್ದು ನಿಜವಿರಬಹುದು, ಆದರೆ ಅದು ಅವಳ ಎಂಟನೆಯದು.

"ಐವಿಎಫ್ ಇದೆಯಲ್ಲ" ಎನ್ನುವವರೂ ಇದ್ದಾರೆ. ಇದೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಪ್ರನಾಳ ಶಿಶು ಹುಟ್ಟಿತು. ಆ ವಿದ್ಯೆ ಅಂಡಾಣುವಿನ ವಯಸ್ಸನ್ನು ಮಾತ್ರ ಹಿಂದಕ್ಕೆ ತಿರುಗಿಸದು. 45 ದಾಟಿ ಐವಿಎಫ್‌ನಿಂದ ತಾಯಂದಿರಾದವರಲ್ಲಿ ಹೆಚ್ಚಿನವರು ದಾನಿಯ ಅಂಡಾಣು ಪಡೆದವರು. ಆ ಮಾತು ಇಂಥ ಹೆರಿಗೆಯ ಸುದ್ದಿಯ ಜೊತೆ ಬರುವುದು ಅಪರೂಪ.

ಆ ಹುಡುಗಿಗೆ ನಾನು ಹೇಳಿದ್ದಿಷ್ಟು: 35ರ ಒಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ಡಾಕ್ಟರನ್ನು ಕಾಣಬೇಕು. 40 ದಾಟಿದ್ದರೆ ಕಾಯುವುದೇ ಬೇಡ. ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ. ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಹೆಚ್ಚು ದುಡ್ಡೂ ಬೇಡ.