ಮಫುಲೆಟ್ಟಾ: ಕಿರಾಣಿ ಅಂಗಡಿಯಿಂದ ಹೊರಟ ಒಂದು ಸರಕು

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಫ್ರೆಂಚ್ ಕ್ವಾರ್ಟರ್ ಎಂಬ ಹಳೆಯ ಬಡಾವಣೆಯ ಡೆಕೇಟರ್ ಬೀದಿಯಲ್ಲಿ, ಸೆಂಟ್ರಲ್ ಗ್ರೋಸರಿ ಎಂಬ ಇಟಾಲಿಯನ್ ಅಂಗಡಿಯಿದೆ. ಹೆಸರೇ ಹೇಳುವಂತೆ ಇದು ಮೂಲತಃ ಹೋಟೆಲಲ್ಲ, ಕಿರಾಣಿ ಅಂಗಡಿ. ಆದರೆ ಇಲ್ಲಿಗೆ ಬರುವ ಪ್ರವಾಸಿಗಳ ಗಮನವೆಲ್ಲ ಮಫುಲೆಟ್ಟಾ ಎಂಬ ಒಂದೇ ಸ್ಯಾಂಡ್‌ವಿಚ್‌ನ ಮೇಲೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಸಿಸಿಲಿ ದ್ವೀಪದಿಂದ ಸಾವಿರಾರು ಜನರು ಈ ನಗರಕ್ಕೆ ವಲಸೆ ಬಂದರು. ಅವರು ನೆಲೆಸಿದ ಈ ಬಡಾವಣೆಗೆ ‘ಪುಟ್ಟ ಪಲೆರ್ಮೊ’ ಎಂಬ ಹೆಸರೇ ಬಿದ್ದಿತ್ತು. ಅದೇ ಸಮುದಾಯದ ಸಾಲ್ವಟೋರೆ ಲೂಪೋ 1906ರಲ್ಲಿ ಅಂಗಡಿ ತೆರೆದರು. ಸಮೀಪದ ಮಾರುಕಟ್ಟೆಗೆ ತರಕಾರಿ ತರುತ್ತಿದ್ದ ಸಿಸಿಲಿಯ ರೈತರು ಮಧ್ಯಾಹ್ನ ಇಲ್ಲಿ ಮಾಂಸ, ಚೀಸ್, ಆಲಿವ್ ಸಲಾಡ್ ಮತ್ತು ಬ್ರೆಡ್ಡನ್ನು ಬೇರೆ ಬೇರೆಯಾಗಿ ಕೊಂಡು, ಪೆಟ್ಟಿಗೆಗಳ ಮೇಲೆ ಕುಳಿತು, ತೊಡೆಯ ಮೇಲಿಟ್ಟುಕೊಂಡು ಕಷ್ಟಪಟ್ಟು ತಿನ್ನುತ್ತಿದ್ದರಂತೆ. ಎಲ್ಲವನ್ನೂ ಬ್ರೆಡ್ಡಿನೊಳಗೆ ಇಟ್ಟುಕೊಟ್ಟರೆ ಹೇಗೆ ಎಂದು ಲೂಪೋ ಯೋಚಿಸಿದರೆಂದು ಅವರ ಮಗಳು ಬರೆದಿದ್ದಾರೆ. ಗಮನಿಸಬೇಕಾದುದೇನೆಂದರೆ, ಹೊಸ ಸರಕೊಂದೂ ಅಂಗಡಿಗೆ ಬರಲಿಲ್ಲ. ಕಪಾಟಿನಲ್ಲಿದ್ದ ಪದಾರ್ಥಗಳೇ ಒಂದಾಗಿ ಹೊಸ ಸರಕಾದವು.

ಮಫುಲೆಟ್ಟಾ ಎಂಬುದು ಮೊದಲಿಗೆ ಬ್ರೆಡ್ಡಿನ ಹೆಸರು. ಎಳ್ಳು ಹಚ್ಚಿದ, ಸುಮಾರು 10 ಅಂಗುಲ ಅಗಲದ ದುಂಡನೆಯ ಬ್ರೆಡ್ಡನ್ನು ಅಡ್ಡಲಾಗಿ ಸೀಳಿ, ಹ್ಯಾಮ್, ಸಲಾಮಿ, ಮೊರ್ಟಡೆಲ್ಲಾ ಮಾಂಸಗಳನ್ನೂ ಪ್ರೊವೊಲೋನೆ ಹಾಗೂ ಸ್ವಿಸ್ ಚೀಸನ್ನೂ ಪದರ ಪದರವಾಗಿ ಜೋಡಿಸುತ್ತಾರೆ. ರುಚಿಯ ಜೀವ ಆಲಿವ್ ಸಲಾಡ್. ಹೆಚ್ಚಿದ ಆಲಿವ್ ಕಾಯಿಗಳನ್ನು ಉಪ್ಪು-ಹುಳಿ ಹಿಡಿದ ತರಕಾರಿ, ಬೆಳ್ಳುಳ್ಳಿ ಮತ್ತು ಆಲಿವ್ ಎಣ್ಣೆಯೊಡನೆ ನೆನೆಹಾಕಿದ ಈ ಮಿಶ್ರಣ ನಮ್ಮ ಉಪ್ಪಿನಕಾಯಿಗೆ ದೂರದ ನೆಂಟ ಎನ್ನಬಹುದು.

ಈ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ಬಿಸಿ ಮಾಡುವ ಪದ್ಧತಿಯಿಲ್ಲ. ಮೊದಲೇ ಕಟ್ಟಿ ಕಾಗದದಲ್ಲಿ ಸುತ್ತಿಡುತ್ತಾರೆ. ಹೊತ್ತು ಕಳೆದಂತೆ ಎಣ್ಣೆ ಬ್ರೆಡ್ಡಿಗೆ ಇಳಿದು ರುಚಿ ಕೂಡುತ್ತದೆ. ವ್ಯಾಪಾರಿಯ ದೃಷ್ಟಿಯಿಂದ ಇದು ಸಣ್ಣ ಅನುಕೂಲವಲ್ಲ. ಬೆಳಿಗ್ಗೆಯೇ ಮಾಲು ಸಿದ್ಧವಾಗಿರುವುದರಿಂದ ಮಧ್ಯಾಹ್ನದ ಗಿರಾಕಿಗಳ ನೂಕುನುಗ್ಗಲಿಗೆ ಅಂಜಬೇಕಿಲ್ಲ. ದೂರದ ಊರಿಗೆ ಕಳುಹಿಸಲೂ ತೊಡಕಿಲ್ಲ. ಪೂರ್ತಿಯದು ಒಬ್ಬರಿಗೆ ಹೆಚ್ಚಾಗುವುದರಿಂದ ಅರ್ಧವನ್ನೂ ಮಾರುತ್ತಾರೆ. ಆಲಿವ್ ಸಲಾಡನ್ನು ಬಾಟಲಿಗಳಲ್ಲಿ ತುಂಬಿ ಪ್ರತ್ಯೇಕವಾಗಿ ಮಾರುವುದು ಇನ್ನೊಂದು ಆದಾಯ.

ಮಫುಲೆಟ್ಟಾ ಮೇಲೆ ಈ ಅಂಗಡಿಗೆ ಏಕಸ್ವಾಮ್ಯವೇನೂ ಇಲ್ಲ. ನಗರದಲ್ಲಿ ಹಲವರು ಅದನ್ನು ಮಾಡುತ್ತಾರೆ. ನೆಪೋಲಿಯನ್ ಹೌಸ್‌ನಲ್ಲಿ ಬಿಸಿಯಾಗಿಯೇ ಬಡಿಸುತ್ತಾರೆ. ಯಾವುದು ಸರಿ ಎಂಬ ವಾದ ಅಲ್ಲಿ ಮುಗಿಯುವುದಿಲ್ಲ, ಮುಗಿಯದಿರುವುದು ಇಬ್ಬರ ವ್ಯಾಪಾರಕ್ಕೂ ಒಳ್ಳೆಯದೇ.

ಅಂಗಡಿಗೆ ನಿಜವಾದ ಪರೀಕ್ಷೆ ಬಂದದ್ದು 2021ರ ಆಗಸ್ಟ್ 29ರಂದು ಅಪ್ಪಳಿಸಿದ ಐಡಾ ಚಂಡಮಾರುತದಿಂದ. ಕಟ್ಟಡಕ್ಕೆ ತೀವ್ರ ಹಾನಿಯಾಗಿ ಬಾಗಿಲು ಮುಚ್ಚಬೇಕಾಯಿತು. ದುರಸ್ತಿಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ದೀರ್ಘಕಾಲ ಬಾಗಿಲು ತೆರೆಯದ ಅಂಗಡಿಯನ್ನು ಗಿರಾಕಿಗಳು ಮರೆಯುವುದೇ ರೂಢಿ. ಮಾಲೀಕ ಕುಟುಂಬ ಮಾತ್ರ ತಯಾರಿಕೆ ನಿಲ್ಲಿಸಲಿಲ್ಲ. ಸ್ಯಾಂಡ್‌ವಿಚ್‌ಗಳನ್ನು ಬೇರೆಡೆ ಸಿದ್ಧಪಡಿಸಿ, ನಗರದ ಇತರ ಅಂಗಡಿಗಳ ಮೂಲಕ ಮಾರಿತು, ಹೊರಊರುಗಳಿಗೂ ರವಾನಿಸಿತು. ಕೌಂಟರ್ ಇಲ್ಲದಿದ್ದರೂ ಸರಕು ಜನರ ಕೈಸೇರುತ್ತಲೇ ಇತ್ತು. 2024ರ ಡಿಸೆಂಬರ್‌ನಲ್ಲಿ ಡೆಕೇಟರ್ ಬೀದಿಯ ಅದೇ ಜಾಗದಲ್ಲಿ ಅಂಗಡಿ ಮತ್ತೆ ತೆರೆಯಿತು.